ದೊಡ್ಡಜ್ಜಿಯ ಪೀಪಾಯಿ

ನೂರು ದಾಟಿ ಬದುಕಿದ್ದರ ಗುಟ್ಟೇನು ಎಂದು ಕೇಳಿಕೊಂಡು ಪತ್ರಿಕೆಯವರು ಬಂದರೆ ನಮ್ಮ ದೊಡ್ಡಜ್ಜಿಗೆ, ಅಂದರೆ ತಾತನ ಅಕ್ಕನಿಗೆ, ಮೈಯೆಲ್ಲ ಉರಿಯುತ್ತಿತ್ತು. "ಸಾಯೋಕೆ ಪುರುಸೊತ್ತಾಗ್ಲಿಲ್ಲ ಅಂತ ಬರ್ಕೊಳ್ಳಿ," ಎಂದು ಬಾಗಿಲು ತೋರಿಸುತ್ತಿದ್ದಳು. ವಿಸ್ಕಿ ಮಾಡುವ ಮನೆತನದವಳಲ್ಲವೇ, ದಿನಕ್ಕೊಂದು ಗುಟುಕು ಏರಿಸುತ್ತಿರಬೇಕು ಎಂದು ಅವರ ಊಹೆ. ಇವಳೋ ಒಂದು ಹನಿಯನ್ನೂ ಬಾಯಿಗಿಟ್ಟವಳಲ್ಲ. ಕುಡಿದರೆ ಮೂಗು ಕೆಡುತ್ತದೆ ಎಂಬ ಹಟ. ಎಪ್ಪತ್ತು ವರ್ಷ ನಮ್ಮ ಉಗ್ರಾಣದಲ್ಲಿ ಪೀಪಾಯಿಗಳನ್ನು ಮೂಸಿ, ಯಾವುದು ಮಾಗಿದೆ, ಯಾವುದು ಇನ್ನೂ ಕಾಯಬೇಕು ಎಂದು ಹೇಳುವುದೇ ಅವಳ ಕಸುಬಾಗಿತ್ತು. ಮದುವೆ ಆಗಲಿಲ್ಲ. ನೋಡಲು ಬಂದ ಒಬ್ಬನೇ ಒಬ್ಬ ಗಂಡಿನ ಕೋಟು ಬೂಷ್ಟಿನ ವಾಸನೆ ಹೊಡೆಯುತ್ತಿತ್ತಂತೆ.

ನಮ್ಮ ಮನೆಯಲ್ಲೊಂದು ರೂಢಿ. ಮಗು ಹುಟ್ಟಿದ ದಿನ ಅದರ ಅಪ್ಪ ತನ್ನ ಕೈಯಾರೆ ಒಂದು ಪೀಪಾಯಿ ತುಂಬಿಸಿ ಬಿರಡೆ ಜಡಿಯಬೇಕು. ಆ ಮಗು ಬಾಳಿ ಬದುಕಿ ಕಣ್ಣು ಮುಚ್ಚಿದ ದಿನ ಉಳಿದವರು ಅದನ್ನು ತೆಗೆದು ಕುಡಿಯಬೇಕು. ದೊಡ್ಡಜ್ಜಿಗೆ ಆರು ವರ್ಷವಿದ್ದಾಗಲೇ ಅವಳಪ್ಪ ತೀರಿಕೊಂಡ. ಅವನ ಕೈಯಿಂದ ಅವಳಿಗೆಂದು ಉಳಿದದ್ದು ಆ ಪೀಪಾಯಿ ಒಂದೇ.

ಪ್ರತಿ ಹುಟ್ಟುಹಬ್ಬಕ್ಕೂ, ಉಗ್ರಾಣ ನೋಡಿಕೊಳ್ಳುವ ನನ್ನನ್ನು ಕರೆದು, "ನಂದು ಎಷ್ಟಿದೆಯೋ?" ಎಂದು ಕೇಳುವಳು. "ಅರ್ಧ ಇದೆ ಅಜ್ಜಿ," ಎನ್ನುವೆ. ಶುದ್ಧ ಸುಳ್ಳು. ಮರದ ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷ ವರ್ಷವೂ ಒಂದಿಷ್ಟು ಗಾಳಿಗೆ ಆರಿಹೋಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಅವಳದು ಹತ್ತು ವರ್ಷದಿಂದ ಡಣ್ ಎನ್ನುತ್ತಿತ್ತು. ಹೇಳುವ ಧೈರ್ಯ ನನಗಿರಲಿಲ್ಲ.

ಈ ಸಲ ಮುದುಕಿ ಬಾಂಬು ಹಾಕಿದಳು. "ನಾನು ಸಾಯೋ ಹಾಗೆ ಕಾಣಲ್ಲ ಮರಿ. ನಾಳೆ ಹುಟ್ಟಿದ ದಿನಕ್ಕೇ ಅದನ್ನ ತೆಗಿ. ಅಪ್ಪ ತುಂಬಿಸಿದ್ದನ್ನ ಒಂದ್ಸಲ ಮೂಸಿ ನೋಡ್ಬೇಕು."

ಅರವತ್ತು ದಾಟಿದ ಈ ಮರಿ ಉಗ್ರಾಣಕ್ಕೆ ಓಡಿ ಮತ್ತೊಮ್ಮೆ ತಟ್ಟಿ ನೋಡಿತು. ಡಣ್. ಖಾಲಿ ಎಂದು ಗೊತ್ತಾದರೆ ಅವಳ ಎದೆ ಒಡೆದೀತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಕಿಟಕಿ ಪಕ್ಕದ ಪೀಪಾಯಿಯಿಂದ ಎರಡು ಬಕೆಟ್ ತೆಗೆದು ಅವಳದಕ್ಕೆ ಸುರಿದೆ. ಒಣಗಿದ ಹಲಗೆಗಳ ಸಂದಿನಲ್ಲಿ ಸೋರಿದ್ದನ್ನು ಒರೆಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವಳನ್ನು ಗಾಲಿಕುರ್ಚಿಯಲ್ಲಿ ತಂದು ಪಕ್ಕಕ್ಕೆ ನಿಲ್ಲಿಸಿ ಬಿರಡೆ ತೆಗೆದೆ. ಬಗ್ಗಿ ಮೂಸಿದಳು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದಳು.

"ಕಿಟಕಿ ಪಕ್ಕದ್ದು," ಎಂದಳು ಕೊನೆಗೆ. "ಇಪ್ಪತ್ತೆರಡು ವರ್ಷದ್ದು."

"ಖಾಲಿಯಾಗಿತ್ತು ಅಜ್ಜಿ. ನೀನು ನೊಂದ್ಕೋತೀಯ ಅಂತ..."

"ಖಾಲಿ ಅಂತ ನಂಗೊತ್ತಿಲ್ವೇನೋ? ನಿನಗಿಂತ ಮೊದ್ಲೇ ತಟ್ಟಿ ನೋಡಿದ್ದೆ. ನೀನು ಅರ್ಧ ಅಂದಾಗೆಲ್ಲ ನಗು ತಡ್ಕೊಳ್ಳೋದೇ ಕಷ್ಟ ಆಗ್ತಿತ್ತು. ಖಾಲಿ ಪೀಪಾಯಿಲೂ ವಾಸನೆ ಇರುತ್ತಲ್ಲೋ ಪೆದ್ದ. ನಂಗೆ ಬೇಕಾಗಿದ್ದು ಅಷ್ಟೇ. ಅದನ್ನೇ ತೊಳೆದುಬಿಟ್ಟೆಯಲ್ಲೋ."

ನಲವತ್ತು ವರ್ಷ ಇದೇ ಕೆಲಸದಲ್ಲಿದ್ದ ನನಗೆ ಅದು ಹೊಳೆದೇ ಇರಲಿಲ್ಲ. ನಾಚಿಕೆ ಬಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅವಳ ಕಣ್ಣೂ ಒದ್ದೆಯಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು ನನ್ನ ತಲೆಗೊಂದು ಮೊಟಕಿದಳು.

"ಸಾಕು ಅತ್ತಿದ್ದು. ಅಷ್ಟು ವಿಸ್ಕಿ ಎಲ್ಲಿಗೆ ಹೋಯ್ತು ಹೇಳು? ಈ ಕೋಣೆ ಗಾಳಿಗೆ. ಎಪ್ಪತ್ತು ವರ್ಷ ಇಲ್ಲಿ ಉಸಿರಾಡಿದ್ದು ಯಾರು?"

ನಾನು ಕಣ್ಣೊರೆಸಿಕೊಂಡೆ. ಅವಳು ಕೈ ಚಾಚಿದಳು.

"ಅಪ್ಪನದ್ದು ಮೂಗಿಗಾಯ್ತು. ನಿಂದು ಬಾಯಿಗೆ ಹಾಕು. ಇನ್ನು ಮೂಗು ಕೆಟ್ರೆ ಕೆಡಲಿ."

ನೂರ ಹನ್ನೊಂದು ತುಂಬಿದ ದಿನ ದೊಡ್ಡಜ್ಜಿ ತನ್ನ ಮೊದಲ ಗುಟುಕು ಕುಡಿದಳು. ಮುಖ ಕಿವುಚಿ, "ಇದಕ್ಕಾ ಜನ ಹಾಗೆ ಸಾಯೋದು?" ಎಂದಳು. ಆಮೇಲೆ ಲೋಟವನ್ನು ಮತ್ತೆ ನನ್ನತ್ತ ಹಿಡಿದಳು.