ಕೃಷ್ಣಪ್ರಸಾದರ ಕಾರ್ನರ್ ಸೈಟು

ಸ್ಟರ್ಲಿಂಗಿನ ನಮ್ಮ ಬೀದಿಯಲ್ಲಿ ಕೃಷ್ಣಪ್ರಸಾದರು ಮನೆ ಕೊಂಡದ್ದು ಅದು ಮೂಲೆಮನೆ ಎಂಬ ಒಂದೇ ಕಾರಣಕ್ಕೆ. ಜಯನಗರದಲ್ಲಿ ಅಪ್ಪನಿಗೆ ಸಿಗದ ಕಾರ್ನರ್ ಸೈಟು ತಮಗೆ ಅಮೆರಿಕದಲ್ಲಿ ಸಿಕ್ಕಿತೆಂದು ಗೃಹಪ್ರವೇಶದ ದಿನ ಊಟಕ್ಕೆ ಕೂತವರನ್ನೂ ಬಿಡದೆ ಕೊಚ್ಚಿಕೊಂಡರು. ಹಿಮ ಬಿದ್ದರೆ ಮನೆ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕು, ಮೂಲೆಮನೆಯವರು ಎರಡೂ ಬದಿ ಮಾಡಬೇಕು ಎಂಬುದು ಆ ಮಹಾಶಯರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅವರೇನು ಕಡ್ಡಿ ಎತ್ತಿ ಆ ಕಡೆ ಇಡುವವರಲ್ಲ. ಪಕ್ಕದ ಮನೆಯ ಸ್ಮಿತಾ ನಾನು, ಒಂಬತ್ತು ಚಳಿಗಾಲ ನೋಡಿದ್ದೇನೆ. ಅವರ ಮೂಲೆಯ ಹಿಮ ಕರಗಿದ್ದೆಲ್ಲ ಸೂರ್ಯನ ದಯೆಯಿಂದ.

ಅವರ ಹೆಂಡತಿ ರಾಜಲಕ್ಷ್ಮಿ ಮೈಸೂರಿನಲ್ಲಿ ಗಣಿತ ಪಾಠ ಮಾಡುತ್ತಿದ್ದವಳು. ಗಂಡನ ವೀಸಾದ ಮೇಲೆ ಬಂದು, ಕೆಲಸ ಮಾಡಲು ಅನುಮತಿಯಿಲ್ಲದೆ ಹನ್ನೊಂದು ವರ್ಷ ಮನೆಯಲ್ಲೇ ಕೂತಳು. ಕೊನೆಗೂ ಅನುಮತಿ ಬಂತು, ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯ ಕೆಲಸವೂ ಸಿಕ್ಕಿತು. 2026ರ ಜನವರಿಯ ಕೊನೆಯ ಸೋಮವಾರ ಸೇರಬೇಕಿತ್ತು. ಹಿಂದಿನ ದಿನವೇ ಬಿರುಗಾಳಿ ಬಂದು, ಹಿಮದ ಮೇಲೆ ಮಂಜುಗಡ್ಡೆ ಸುರಿದು ಊರೇ ಕಲ್ಲಾಯಿತು. ಶಾಲೆ ಮುಚ್ಚಿತು.

"ಹನ್ನೊಂದು ವರ್ಷ ಕಾದಿದೀನಿ, ಇನ್ನೊಂದು ವಾರ ಆಗಲ್ವಾ ಸ್ಮಿತಾ?" ಎಂದು ನಕ್ಕಳು. ಇಸ್ತ್ರಿ ಮಾಡಿದ ನೀಲಿ ಅಂಗಿ ಬಾಗಿಲ ಹಿಂದೆ ವಾರವಿಡೀ ನೇತಾಡುತ್ತಿತ್ತು.

ಕೃಷ್ಣಪ್ರಸಾದರೋ ವಾಟ್ಸಾಪ್ ಗುಂಪಿನಲ್ಲಿ ಶಾಲೆಯವರ ಮೇಲೆ ಹರಿಹಾಯ್ದರು. ಸೋಮಾರಿಗಳಂತೆ, ನಮ್ಮ ತೆರಿಗೆ ತಿಂದು ಮಲಗುವವರಂತೆ! ಕಾಲುದಾರಿಗಳು ತೆರವಾಗದೆ ಮಕ್ಕಳನ್ನು ಕರೆಸಲಾಗದು ಎಂದು ಶಾಲೆಯವರು ಬರೆದಿದ್ದನ್ನು ಈ ಮನುಷ್ಯ ಓದಿದ್ದರೆ ತಾನೇ? ಶಾಲೆಯ ಬಸ್ಸು ನಿಲ್ಲುವುದೇ ಅವರ ಮೂಲೆಯಲ್ಲಿ.

ಮುಂದಿನ ಭಾನುವಾರ, ನಾಳೆ ಶಾಲೆ ತೆರೆಯುತ್ತದೆಂದು ಸುದ್ದಿ ಬಂತು. ನಾನೇ ಹೋಗಿ ಕೇಳಿದೆ.

"ಸರ್, ನಿಮ್ಮ ಕಾರ್ನರ್ ಹಿಮ ಒಂದ್ಸಲ ಶವಲ್ ಮಾಡಿ ತೆಗೆದ್ಬಿಡಿ. ಬೇಕಿದ್ರೆ ನಮ್ಮ ಶವಲ್ ತಗೊಳ್ಳಿ."

"ಶವಲ್ ಯಾಕ್ರೀ? ಸ್ವಲ್ಪ ಕಾಮನ್ ಸೆನ್ಸ್ ಯೂಸ್ ಮಾಡ್ಬೇಕು" ಎಂದವರೇ ನಾಲ್ಕು ಬಕೆಟ್ ಬಿಸಿನೀರು ತಂದು ಸುರಿದರು. ಏಳುವ ಹಬೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಬಸ್ ಸ್ಟಾಪ್ ರೆಡಿ ಎಂದು ಗುಂಪಿಗೂ ಹಾಕಿದರು.

"ಸರ್, ಈ ಚಳೀಲಿ ನೀರು ಗಾಜಿನ ಥರ ಆಗುತ್ತೆ. ಗಡ್ಡೆ ಕಟ್ಟದ ಹಾಗೆ ಉಪ್ಪಾದ್ರೂ ಹಾಕಿ" ಎಂದೆ. ಪೆದ್ದಿಯನ್ನು ನೋಡುವಂತೆ ನನ್ನನ್ನು ನೋಡಿದರು. ಮೈಯೆಲ್ಲ ಉರಿದು ಮನೆಗೆ ಬಂದುಬಿಟ್ಟೆ. ನಾನೇ ಒಂದು ಚೀಲ ಉಪ್ಪು ಸುರಿಯಬಹುದಿತ್ತು, ಸುರಿಯಲಿಲ್ಲ. ಅದು ನನ್ನ ತಪ್ಪೇ.

ಸೋಮವಾರ ಬೆಳಿಗ್ಗೆ ನೀಲಿ ಅಂಗಿ ತೊಟ್ಟು ಹೊರಟ ರಾಜಲಕ್ಷ್ಮಿ ಗಂಡನ ಮೂಲೆಯಲ್ಲೇ ಜಾರಿ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ನಾನೇ ಕಾರಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಈ ಪುಣ್ಯಾತ್ಮರು ಹೇಳಿದ್ದೇನು ಗೊತ್ತೇ?

"ಇಂಥ ವೆದರ್‌ನಲ್ಲಿ ಯಾರಾದ್ರೂ ಸ್ಕೂಲ್ ಓಪನ್ ಮಾಡ್ತಾರಾ? ಕೋರ್ಟಿಗೆಳೆದು ಸೂ ಮಾಡ್ಬೇಕು ಇವರನ್ನ!"

ವಾರವಿಡೀ ಮುಚ್ಚಿದ್ದಕ್ಕೆ ಬೈದ ಅದೇ ಬಾಯಿ! ಥೂ, ನಾಚಿಕೆಯೂ ಇಲ್ಲ. ಮೇಲಿಂದ, ಈ ಕೆಲಸ ಬೇಡವೆಂದು ಹೆಂಡತಿಯ ಹೆಸರಿನಲ್ಲಿ ಶಾಲೆಗೆ ಪತ್ರವನ್ನೂ ತಾವೇ ಬರೆದು, "ಸೆಂಡ್ ಒತ್ತು ಅಷ್ಟೇ" ಎಂದು ಫೋನು ಅವಳ ಮುಂದೆ ಹಿಡಿದರು.

ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ರಾಜಲಕ್ಷ್ಮಿ ಪತ್ರವನ್ನು ಪೂರ್ತಿ ಓದಿ ಅಳಿಸಿಹಾಕಿದಳು.

"ಮುರಿದಿರೋದು ಎಡಗೈ ರೀ. ನಾನು ಬರೆಯೋದು ಬಲಗೈಲಿ. ನಾಳೆ ಬರ್ತೀನಿ ಅಂತ ಸ್ಕೂಲ್‌ಗೆ ಆಗ್ಲೇ ಹೇಳಿದೀನಿ."

ಮಂಗಳವಾರ ನನ್ನ ತೋಳು ಹಿಡಿದು, ನಮ್ಮ ಅಂಗಳದ ಹಿಮ ತುಳಿದು ಹೊರಟಳು. ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ತಿರುಗಿ, "ಸಾಯಂಕಾಲ ನಾನು ಬರೋಷ್ಟ್ರಲ್ಲಿ ಆ ಕಾರ್ನರ್ ಕ್ಲೀನ್ ಮಾಡಿಡಿ" ಎಂದಳು.

ಅವಳನ್ನು ಶಾಲೆಯ ಬಾಗಿಲವರೆಗೆ ಬಿಟ್ಟು ಬಂದೆ. ಕೃಷ್ಣಪ್ರಸಾದರು ನಮ್ಮ ಶವಲ್ ಹಿಡಿದು ಗಡ್ಡೆಯನ್ನು ಕುಟ್ಟುತ್ತಿದ್ದರು. ಬೆವರು ಬೇರೆ.

"ಸ್ಮಿತಾ, ಸ್ವಲ್ಪ ಹೆಲ್ಪ್ ಮಾಡ್ತೀರಾ?"

"ಆ ಕಡೇದೂ ನಿಮ್ದೇ ಸರ್. ಕಾರ್ನರ್ ಸೈಟ್ ಅಲ್ವಾ" ಎಂದು ಒಳಗೆ ಹೋಗಿ ಕಾಫಿಗಿಟ್ಟೆ.