ಎರಡು ಜರ್ಮನ್ ಊರುಗಳ ಜಯದೇವಿ

ಜಯದೇವಿಯ ಮುತ್ತಜ್ಜಿ ಹೊನ್ನಮ್ಮ ಬಾಗಲಕೋಟೆ ಸೀಮೆಯ ಜನರನ್ನು ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆಸಿಕೊಂಡು ಹೋಗುತ್ತಿದ್ದಳು. ಒಮ್ಮೆ ನಲ್ಲಮಲೆಯ ಕಾಡಿನಲ್ಲಿ ಇಬ್ಬರಿಗೆ ವಾಂತಿಭೇದಿ ಹತ್ತಿತು. ಮಿಕ್ಕವರನ್ನು ಮುಂದೆ ಕಳಿಸಿ, ತಾನು ಏಳು ದಿನ ಮರದ ಕೆಳಗೆ ಅವರ ಜೊತೆ ಕೂತು, ಇಬ್ಬರನ್ನೂ ಕಾಲ ಮೇಲೆ ನಡೆಸಿಕೊಂಡೇ ಊರಿಗೆ ಬಂದವಳು ಆಕೆ. ಅಜ್ಜ ಸಿದ್ಧಾರೂಢಪ್ಪ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದ. ಹೊಳೆ ಕೆಂಪಾಗಿ ಉಕ್ಕಿದ ದಿನ ಸಾಹುಕಾರ ಕರೆದರೂ ನೀರಿಗೆ ಇಳಿಯದವನು, ಹೆರಿಗೆ ಬೇನೆಯ ಹೆಂಗಸು ಕೂಗಿದಾಗ ಇಳಿದ. ತಂದೆ ಅಣ್ಣಾಸಾಹೇಬ ಸರ್ಕಾರಿ ಬಸ್ಸಿನ ಕಂಡಕ್ಟರ್. ನೀರು ಕುಡಿಯಲು ಇಳಿದ ಮುದುಕಿಗಾಗಿ ಬಸ್ಸನ್ನು ಇಪ್ಪತ್ತು ನಿಮಿಷ ನಿಲ್ಲಿಸಿದ್ದಕ್ಕೆ ಹದಿನೈದು ದಿನ ಕೆಲಸವಿಲ್ಲದೆ ಮನೆಯಲ್ಲಿ ಕೂತ. ಕ್ಷಮಾಪಣೆ ಬರೆದುಕೊಡು ಅಂದರೆ ಬರೆಯಲಿಲ್ಲ.

ಇಂಥ ಮನೆಯ ಹೆಣ್ಣು ಗಂಡನ ಹಿಂದೆ ಅಮೆರಿಕದ ಆಸ್ಟಿನ್ನಿಗೆ ಬಂದು, ಹೆದ್ದಾರಿ ಬದಿಯ ಗ್ಯಾಸ್ ಸ್ಟೇಷನ್ನಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತಳು. ಕಾಫಿಗೆ ಬರುತ್ತಿದ್ದ ಲಾರಿ ಡ್ರೈವರುಗಳೇ ಅವಳಿಗೆ ಇಂಗ್ಲಿಷ್ ಮೇಷ್ಟ್ರು. ಗಂಡ ತೀರಿಕೊಂಡ ಮೇಲೆ ಆಸ್ಟಿನ್ ಪಕ್ಕದೂರು ಸೀಡರ್ ಪಾರ್ಕಿನ ಮನೆಯಲ್ಲಿ ಒಬ್ಬಳೇ ಉಳಿದಳು. ಅಳುತ್ತಾ ಕೂರುವ ಜಾತಿಯಲ್ಲ. ತನ್ನ ಹಳೇ ಕಾರು ತೆಗೆದುಕೊಂಡು ಸುತ್ತಮುತ್ತಲ ಊರು ನೋಡಲು ಹೊರಟಳು. ಹಾಗೆ ಸಿಕ್ಕಿದವು ನ್ಯೂ ಬ್ರೌನ್‌ಫೆಲ್ಸ್ ಮತ್ತು ಫ್ರೆಡರಿಕ್ಸ್‌ಬರ್ಗ್. ನೂರ ಎಂಬತ್ತು ವರ್ಷದ ಹಿಂದೆ ಜರ್ಮನಿಯಿಂದ ಹಡಗು ಹತ್ತಿ ಬಂದವರು ಕಟ್ಟಿದ ಊರುಗಳು. ಕರಾವಳಿಯಲ್ಲಿ ಇಳಿದ ಜನ ಗಾಡಿ ಸಿಗದೆ ಮಳೆ ಕೆಸರಿನಲ್ಲಿ ನಡೆದರು. ದಾರಿಯಲ್ಲೇ ಜ್ವರ ಬಂದು ನೂರಾರು ಮಂದಿ ಸತ್ತರು. ಜಯದೇವಿ ಗೋರಿಕಲ್ಲುಗಳ ಮುಂದೆ ನಿಂತು, ಹೆಸರು ಬರೆದುಕೊಂಡು, ಲೈಬ್ರರಿಗೆ ಹೋಗಿ ಕೇಳಿ ಕೇಳಿ, ಎರಡು ವರ್ಷದಲ್ಲಿ ಆ ಊರುಗಳನ್ನು ಅಂಗೈ ಗೆರೆಯ ಹಾಗೆ ಕಲಿತಳು. ಶಾಲೆಯಲ್ಲಿ ಏಳನೇ ಇಯತ್ತೆ ದಾಟಿದವಳಲ್ಲ.

ಆಮೇಲೆ ಹನ್ನೊಂದು ವರ್ಷ, ಪ್ರತಿ ಏಪ್ರಿಲ್‌ನಲ್ಲಿ, ಊರಿನಿಂದ ಮಕ್ಕಳ ಮನೆಗೆ ಬಂದಿಳಿದ ನಮ್ಮಂಥ ಮುದುಕ ಮುದುಕಿಯರನ್ನು ಒಂದು ಬಸ್ಸಿನಲ್ಲಿ ತುಂಬಿ ಆ ಎರಡು ಊರು ತೋರಿಸಿದಳು. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡದವರು ಕಟ್ಟಿಕೊಂಡ ಒಂದು ಸಣ್ಣ ಕೂಟ ಬಸ್ಸು ಗೊತ್ತು ಮಾಡುತ್ತಿತ್ತು. ಮೈಕು ಜಯದೇವಿಯದು. ಮನೆಯಲ್ಲಿ ಮೊಮ್ಮಕ್ಕಳ ಇಂಗ್ಲಿಷ್ ಕೇಳಿ ಕೇಳಿ ಕಿವಿ ಕಿವುಡಾದವರಿಗೆ ಅವಳ ಬಾಗಲಕೋಟೆ ಮಾತು ಬೆಲ್ಲದ ಹಾಗೆ. ಈ ದೇಶದಲ್ಲಿ ಅವಳದ್ದು ಅಂತ ಇದ್ದದ್ದು ಆ ಒಂದು ದಿನ, ಆ ಒಂದು ಮೈಕು. ಅದು ಹೋದರೆ ಅವಳು ಬರೀ ಸೀಡರ್ ಪಾರ್ಕಿನ ಯಾರೋ ಒಬ್ಬ ಆಂಟಿ.

ಅವಳು ತಲೆ ಎಣಿಸುತ್ತಿರಲಿಲ್ಲ. ಮನುಷ್ಯರನ್ನು ಒಂದು ಎರಡು ಅಂತ ಎಣಿಸಿದರೆ ಆಯುಷ್ಯ ಸವೆಯುತ್ತದೆ ಅನ್ನುವುದು ಅವರ ಮನೆಯ ನಂಬಿಕೆ. ಶ್ರೀಶೈಲದ ದಾರಿಯಲ್ಲಿ ಹೊನ್ನಮ್ಮ ಸಂಜೆ ಒಲೆ ಎಣಿಸುತ್ತಿದ್ದಳಂತೆ: ಎಷ್ಟು ಒಲೆಯಲ್ಲಿ ಹೊಗೆ ಎದ್ದಿತೋ ಅಷ್ಟು ಮನೆಯವರು ಬಂದು ಮುಟ್ಟಿದರು ಅಂತ ಲೆಕ್ಕ. ಜಯದೇವಿಯೂ ಬಸ್ಸು ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಒಂದೊಂದು ಮನೆಯ ಹೆಸರು ಕೂಗುವಳು. ಮನೆಯ ಒಬ್ಬರು “ಬಂದೀವಿ” ಅಂದರೆ ಆಯಿತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಲೆಕ್ಕ ಸುಳ್ಳಾಗಿರಲಿಲ್ಲ.

ಈ ವರ್ಷ ಇಪ್ಪತ್ತೆರಡು ಒಲೆ. ಅದರಲ್ಲಿ ಒಂದು ಶ್ರೀಕಂಠಯ್ಯನವರದು. ಮೈಸೂರಿನ ನಿವೃತ್ತ ಹೆಡ್ಮಾಸ್ಟರು. ಡಾಲಸ್ ಕಡೆಯ ಲಿಟಲ್ ಎಲ್ಮಿನಲ್ಲಿರುವ ಅವರ ಮಗ ಪ್ರತಾಪ್ ನಮ್ಮ ಕೂಟದ ಅಧ್ಯಕ್ಷ. ಮೇಷ್ಟ್ರ ಹೆಂಡತಿ ಲೀಲಾವತಿ, ಎಪ್ಪತ್ತು ದಾಟಿದ ಹಣ್ಣು ಹೆಂಗಸು. ಬಸ್ಸಿನಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ. ಯಾರೂ ಹೇಳಿದ್ದಲ್ಲ, ಸಮುದ್ರ ದಾಟಿದರೂ ನಮ್ಮ ಕುಂಡಿಗೆ ಆ ಬುದ್ಧಿ ಬಿಟ್ಟಿಲ್ಲ.

ನ್ಯೂ ಬ್ರೌನ್‌ಫೆಲ್ಸಿನ ಹಳೇ ಕಲ್ಲಿನ ಚರ್ಚಿನ ಮುಂದೆ ಜಯದೇವಿ ನಡೆದು ಬಂದ ಜನರ ಕಥೆ ಹೇಳಿದಳು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಶ್ರೀಕಂಠಯ್ಯ ನಕ್ಕರು.

“ಏನಮ್ಮಾ, ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಇದೇನು ಚರಿತ್ರೆ? ನಮ್ಮೂರಲ್ಲಿ ಇಷ್ಟು ವಯಸ್ಸಿನ ದನದ ಕೊಟ್ಟಿಗೆ ಇದೆ.”

“ಇರಬಹುದ್ರಿ ಸರ,” ಅಂದಳು ಜಯದೇವಿ. “ಆದ್ರ ಆ ಕೊಟ್ಟಿಗಿ ಕಟ್ಟಾಕ ಯಾರೂ ಮಕ್ಕಳನ್ನ ದಾರಿಯಾಗ ಹೂಳಿ ಬಂದಿರಂಗಿಲ್ಲಲ್ರಿ.”

ಜನ ಗೊಳ್ಳೆಂದರು. ಮೇಷ್ಟ್ರ ಮುಖ ಹುಳಿ ಮಜ್ಜಿಗೆಯಾಯಿತು. ಲೀಲಾವತಿ ಮಾತ್ರ ಗಂಡನ ತೋಳು ಮುಟ್ಟಿ, “ರೀ, ನಾನು ಒಳಗೆ ಒಂದು ಗಳಿಗೆ ಕೂತು ಬರ್ತೀನಿ. ಬಸ್ಸು ನಿಲ್ಸಕ್ಕೆ ಹೇಳಿ” ಅಂದರು. ಮೇಷ್ಟ್ರು ಹ್ಞೂಂ ಅಂದರು. ಪಕ್ಕದವರಿಗೆ ಹೊಯ್ಸಳರ ಪಾಠ ಶುರು ಮಾಡಿದ್ದರು.

ಬಸ್ಸು ಹೊರಡುವ ಹೊತ್ತಿಗೆ ಜಯದೇವಿ ಎಂದಿನಂತೆ ಒಲೆ ಕೂಗಿದಳು.

“ಲಿಟಲ್ ಎಲ್ಮ್ ಶ್ರೀಕಂಠಯ್ಯನವರು?”

“ಬಂದಿದೀವಿ, ಹೊರಡಿ.”

“ಅಮ್ಮಾರು ಹತ್ಯಾರೇನ್ರಿ?”

“ಹಿಂದೆ ಇದಾಳೆ. ನನ್ನ ಹೆಂಡ್ತಿ ಲೆಕ್ಕ ನೀವು ನನಗೆ ಹೇಳ್ಕೊಡ್ತೀರಾ?”

ಮುಂದಿನ ಸೀಟುಗಳ ಗಂಡಸರು ಕಿಸಕ್ಕೆಂದರು. ಬಸ್ಸು ಹೊರಟಿತು.

ಫ್ರೆಡರಿಕ್ಸ್‌ಬರ್ಗಿಗೆ ಒಂದೂವರೆ ಗಂಟೆ ದಾರಿ. ಆ ಊರನ್ನು ಕಟ್ಟಿದವರು ಅಲ್ಲಿಯ ಮೂಲದ ಜನರೊಡನೆ ಮಾಡಿಕೊಂಡ ಒಪ್ಪಂದದ ಕಥೆಯನ್ನು ಜಯದೇವಿ ದಾರಿಯಲ್ಲಿ ಹೇಳಿದಳು. ದೂರದ ಹೊಲಗಳ ರೈತರು ವಾರಕ್ಕೊಮ್ಮೆ ಸಂತೆಗೂ ಚರ್ಚಿಗೂ ಬಂದಾಗ ತಂಗಲು ಕಟ್ಟಿಕೊಂಡ ಒಂದೇ ಕೋಣೆಯ ‘ಭಾನುವಾರದ ಮನೆ’ಗಳನ್ನು ಊಟದ ಮೇಲೆ ತೋರಿಸುತ್ತೇನೆ ಅಂದಳು. ಊರು ಮುಟ್ಟಿ, ಮರದ ನೆರಳಲ್ಲಿ ಬುತ್ತಿ ಹಂಚಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ. ಎಲ್ಲರ ಕೈಗೂ ಬಂತು. ಒಂದು ಬುತ್ತಿ ಉಳಿಯಿತು.

ಆ ಬುತ್ತಿಯನ್ನು ಕೈಯಲ್ಲಿ ಹಿಡಿದು ಜಯದೇವಿ ಒಂದೊಂದೇ ಮುಖ ನೋಡುತ್ತಾ ಬಂದಳು. ಹಿಂದಿನ ಸೀಟಿನ ಹೆಂಗಸೊಬ್ಬಳು ಕೇಳಿದಳು: “ಲೀಲಾವತಿ ಎಲ್ಲಿ? ಅವರು ಯಜಮಾನ್ರ ಪಕ್ಕ ಮುಂದೆ ಕೂತಿದಾರೆ ಅಂದ್ಕೊಂಡಿದ್ವಿ.”

ಯಜಮಾನರು ತುತ್ತು ಹಿಡಿದ ಕೈಯನ್ನು ಇಳಿಸಿದರು. ಫೋನ್ ಮಾಡಿ ಅಂದರೆ, ಹೆಂಡತಿಯ ಫೋನು ಅವರ ಚೀಲದಲ್ಲೇ ಇತ್ತು. ಅವಳಿಗ್ಯಾಕೆ, ಕಳೆದುಬಿಡ್ತಾಳೆ ಅಂತ ಇಟ್ಟುಕೊಂಡಿದ್ದರಂತೆ.

ಬಸ್ಸು ತಿರುಗಿತು. ಫ್ರೆಡರಿಕ್ಸ್‌ಬರ್ಗಿನಲ್ಲಿ ನಾವು ನೋಡಿದ್ದು ಪಾರ್ಕಿಂಗ್ ಜಾಗ ಮಾತ್ರ. ದಾರಿಯುದ್ದಕ್ಕೂ ಗೊಣಗಾಟ. ಜಯದೇವಿ ಡ್ರೈವರನ ಪಕ್ಕ ನಿಂತೇ ಬಂದಳು, ಕೂರಲಿಲ್ಲ, ನೀರೂ ಕುಡಿಯಲಿಲ್ಲ. ಚರ್ಚಿನ ನಂಬರಿಗೆ ಫೋನ್ ಹಚ್ಚಿದಳು, ಯಾರೂ ಎತ್ತಲಿಲ್ಲ.

ಲೀಲಾವತಿ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದರು. ಕಸ ಗುಡಿಸಲು ಬಂದಿದ್ದ ಬಿಳಿ ಕೂದಲಿನ ಅಮ್ಮನೊಬ್ಬಳು ಚಹಾ ಕೊಟ್ಟು ಪಕ್ಕದಲ್ಲೇ ಕೂತಿದ್ದಳು. ಇವರಿಗೆ ಅವಳ ಮಾತು ಬಾರದು, ಅವಳಿಗೆ ಇವರದು. ಜಯದೇವಿ ಓಡಿ ಹೋಗಿ ಕೈ ಹಿಡಿದರೆ ಲೀಲಾವತಿ ಮೆಲ್ಲಗೆ ಅಂದದ್ದು ಇಷ್ಟು: “ಹೆದರಿಕೊಂಡೆ ನಿಜ. ಆದ್ರೆ ಮೂರೂವರೆ ಗಂಟೆ ಯಾರೂ ನನ್ನ ಕೂಗಲಿಲ್ಲ ಕಣಮ್ಮ. ಮದುವೆಯಾದ ಮೇಲೆ ಇದೇ ಮೊದಲು.”

ಅಷ್ಟರಲ್ಲಿ ಮೇಷ್ಟ್ರು ಮೆಟ್ಟಿಲೇರಿ ಬಂದರು. ಹೆಂಡತಿಯ ಮುಖ ನೋಡಲಿಲ್ಲ. ಜಯದೇವಿಯ ಮೇಲೆ ಹರಿಹಾಯ್ದರು.

“ಜವಾಬ್ದಾರಿ ಬೇಡವೇನ್ರೀ? ಹತ್ತಿದಾರಾ ಇಲ್ಲವಾ ಅಂತ ಒಂದು ಮಾತು ಕೇಳಿದ್ರಾ? ಒಲೆಯಂತೆ, ಹೊಗೆಯಂತೆ! ಓದುಬರಹ ಇಲ್ಲದವರ ಕೈಗೆ ಮೈಕ್ ಕೊಟ್ರೆ ಇನ್ನೇನಾಗುತ್ತೆ.”

“ನಾ ಕೇಳಿದ್ನಲ್ರಿ ಸರ,” ಅಂದಳು ಜಯದೇವಿ.

“ಯಾವಾಗ ಕೇಳಿದ್ರಿ? ಯಾರು ಕೇಳಿಸ್ಕೊಂಡಿದಾರೆ, ಹೇಳಲಿ ನೋಡೋಣ.”

ಕೇಳಿಸಿಕೊಂಡವರು ಎಂಟು ಜನ ಇದ್ದರು, ಮುಂದಿನ ಸೀಟಿನ ಎಂಟು ಗಂಡಸರು. ಒಬ್ಬ ಶೂ ದಾರ ಕಟ್ಟಿಕೊಂಡ. ಒಬ್ಬನಿಗೆ ಕೆಮ್ಮು ಬಂತು. ಆ ಎಂಟರಲ್ಲಿ ನಾನೂ ಒಬ್ಬ. ಪ್ರತಾಪನ ಕೂಟದಲ್ಲಿ ನನ್ನ ಮಗ ಕಾರ್ಯದರ್ಶಿ. ಮಗನ ಅನ್ನ ಉಣ್ಣುವವನ ನಾಲಿಗೆ ಎಷ್ಟು ಉದ್ದ ಇರುತ್ತದೆ ಎಂಬುದು ನನಗೆ ಆ ಮೆಟ್ಟಿಲ ಮೇಲೆ ಗೊತ್ತಾಯಿತು.

ಎರಡು ದಿನಕ್ಕೆ ಪ್ರತಾಪನ ವಾಟ್ಸಾಪ್ ಸಂದೇಶ ಎಲ್ಲರಿಗೂ ಬಂತು. ಹಿರಿಯರ ಸೇಫ್ಟಿ ಮುಖ್ಯ, ಮುಂದಿನ ವರ್ಷದಿಂದ ಎಲ್ಲರ ಮುಂಗೈಗೂ ಕಟ್ಟುವ ನಂಬರಿನ ಪಟ್ಟಿ, ವಿವರಣೆಗೆ ಫೋನಿನಲ್ಲಿ ಆ್ಯಪ್. ಇಷ್ಟು ವರ್ಷ ಸೇವೆ ಮಾಡಿದ ಜಯದೇವಿ ಆಂಟಿಗೆ ಹ್ಯೂಸ್ಟನ್ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನ. ಕೆಳಗೆ ನಲವತ್ತು ಜನ ಕೈಮುಗಿದ ಚಿತ್ರ ಒತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಬರೆಯ ಮೇಲೆ ಶಾಲು.

ಸಭೆಗೆ ಮೂರು ದಿನ ಇರುವಾಗ, ಮಗನನ್ನು ಕಾಡಿ ಬೇಡಿ ನಾನು ಸೀಡರ್ ಪಾರ್ಕಿಗೆ ಹೋದೆ. ಒಳಗೆ ಲೀಲಾವತಿ ಆಗಲೇ ಬಂದು ಕೂತಿದ್ದರು. ಸೊಸೆ ಹರ್ಷಿಣಿ ಮಾವನಿಗೆ ತಿಳಿಸದೆ, ಲಿಟಲ್ ಎಲ್ಮಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿ ಕರೆತಂದು, ಹೊರಗೆ ಕಾರಿನಲ್ಲೇ ಉಳಿದಿದ್ದಳು.

“ಸಭೆಯಲ್ಲಿ ನಾನು ಎದ್ದು ನಿಂತು ಹೇಳ್ತೀನಿ,” ಅನ್ನುತ್ತಿದ್ದರು ಲೀಲಾವತಿ. “ಬಸ್ಸು ನಿಲ್ಸಿ ಅಂತ ಅವರಿಗೆ ಹೇಳಿಯೇ ಹೋಗಿದ್ದೆ. ಅವರು ಮರೆತರು. ಆಮೇಲೆ ಸುಳ್ಳು ಹೇಳಿದರು. ಐವತ್ತು ವರ್ಷ ಅವರ ಸುಳ್ಳಿಗೆ ನಾನು ಮುಚ್ಚಳ ಆಗಿದೀನಿ. ನಿಮ್ಮ ಮೈಕ್ ನಿಮಗೆ ವಾಪಸ್ ಬರಬೇಕು ಜಯದೇವಿ.”

“ನಾನೂ ಹೇಳ್ತೀನಿ ತಾಯಿ, ನೀನು ಕೇಳಿದ್ದನ್ನ ಈ ಕಿವಿಯಾರೆ ಕೇಳಿದೀನಿ,” ಅಂದೆ ನಾನು.

ಜಯದೇವಿ ನಮ್ಮಿಬ್ಬರ ಮುಂದೆಯೂ ಚಹಾ ಇಟ್ಟಳು. ತಾನು ಕೂರಲಿಲ್ಲ.

“ಅಣ್ಣಾರ, ನಿಮ್ಮ ಮಾತು ಬೇಕಾಗಿದ್ದು ಆ ಮೆಟ್ಟಿಲ ಮ್ಯಾಲ. ಅಲ್ಲಿ ಎಂಟು ಗಂಡಸರು ಇದ್ರಿ, ಒಂದು ಬಾಯಿ ಇರಲಿಲ್ಲ. ಇವತ್ತು ನಿಮ್ಮ ಎದಿ ಹಗುರ ಮಾಡ್ಕೊಳ್ಳಾಕ ಬಂದೀರಿ. ಅದಕ್ಕ ನನ್ನ ಹೆಸರು ಯಾಕ ಬೇಕು? ಚಾ ಕುಡೀರಿ, ಹೋಗ್ರಿ.”

ಆಮೇಲೆ ಲೀಲಾವತಿಯ ಕಡೆ ತಿರುಗಿದಳು. ದನಿ ಇಳಿಯಿತು, ಕಹಿ ಇಳಿಯಲಿಲ್ಲ.

“ಅಮ್ಮಾರ, ನೀವು ದೊಡ್ಡವ್ರು. ನಿಮ್ಮ ಗಂಡ ಹೇಳಿದ್ದು ಸುಳ್ಳು, ಖರೆ. ಆದ್ರ ಗಂಡಸು ‘ಬಂದೀವಿ’ ಅಂದ್ರ ಹೆಂಡ್ತೀನೂ ಬಂದ್ಳು ಅಂತ ಬರಕೊಂಡಾಕಿ ನಾನ. ಹಿಂದ ನಾಕು ಹೆಜ್ಜಿ ನಡದು ನಿಮ್ಮ ಮುಖ ನೋಡಲಿಲ್ಲ. ಅದು ನನ್ನ ತಪ್ಪು, ಅದಕ್ಕ ನೀವು ಸಾಕ್ಷಿ ಹೇಳೂದು ಬ್ಯಾಡ. ಮನ್ಯಾಗ ಎದ್ದು ನಿಂದರಬೇಕು ಅನಸಿದ್ರ ನಿಮ್ಮ ಸಲುವಾಗಿ ನಿಂದರ್ರಿ, ನನ್ನ ಮೈಕಿನ ಸಲುವಾಗಿ ಬ್ಯಾಡ. ಶಾಲೂ ಒಲ್ಲೆ, ಮೈಕೂ ಒಲ್ಲೆ. ಖರೆ ಏನಂತ ನನಗ ಒಂದು ಮಾತು ಕೇಳದನ ಕೈ ಮುಗದ ನಲವತ್ತು ಮಂದಿಗೆ ಇನ್ನ ನಾ ಯಾವ ಊರೂ ತೋರಸಂಗಿಲ್ಲ.”