ಎಂಪಿಗೆ ಕೊಟ್ಟ ನಿಂಬೆಹಣ್ಣು

ಮಗಳಿರುವ ಪರದೇಶದ ಊರು ಮಾಲ್ಟನ್ನಿನ ಲೈಬ್ರರಿಯಲ್ಲಿ ಒಬ್ಬ ಬಿಳಿ ಮುದುಕ ಬಂದವರ ಅರ್ಜಿ ಬರೆದುಕೊಡುತ್ತಾನೆ. ಹಿಂದೆ ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷ ಎಂಪಿ ಆಗಿದ್ದನಂತೆ. ನನ್ನ ವೀಸಾ ಮುಂದುವರಿಸುವ ಅರ್ಜಿ ಇವತ್ತೇ ಹೋಗಬೇಕಿತ್ತು. ಇಲ್ಲದಿದ್ದರೆ ಮಗಳ ಹೆರಿಗೆಗೆ ಮುಂಚೆಯೇ ನಾನು ಊರಿಗೆ ಮರಳಬೇಕು. ದೊಡ್ಡವರಿಗೆ ಕೊಡುವಂತೆ ಅವನ ಕೈಗೆ ನಿಂಬೆಹಣ್ಣು ಕೊಟ್ಟೆ.

"ಇದನ್ನ ಚಾದಾಗ ಹಿಂಡಬೇಕೇನು ಅಂತ ಕೇಳಾಕತ್ತಾರ, ಯವ್ವಾ," ಎಂದು ಅವನ ಇಂಗ್ಲಿಷ್ ಮಾತನ್ನು ನನಗೆ ತಿಳಿಸುತ್ತ ಪಕ್ಕದಲ್ಲಿದ್ದ ಮಗಳು ನಕ್ಕಳು.

"ಮರ್ಯಾದಿಗೆ ಕೊಟ್ಟೀನಿ ಅನ್ನು. ಎಂಪಿ ಆದಾವ ಈ ಕೆಲಸ ಎಲ್ಲಿ ಕಲ್ತಾನ ಕೇಳು."

"ಎಂಪಿ ಇದ್ದಾಗೂ ವಾರಕ್ಕೊಂದಿನ ಹಿಂಗ ಕುಂತು ಮಂದಿ ತಕರಾರು ತಾವೇ ಬರ್ಕೊಂತಿದ್ರಂತ."

ನಾನು ಊರಲ್ಲಿ ಎಂಪಿಯ ಕಾರಿನ ಧೂಳನ್ನಷ್ಟೇ ಕಂಡವಳು.

ಸಹಿ ಮಾಡಲು ನನಗೆ ಬಹಳ ಹೊತ್ತು ಬೇಕು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಕಾಗದದ ಅಂಚು ಹಿಡಿದು, ನನ್ನ ಕೊನೆಯ ಅಕ್ಷರ ಮುಗಿಯುವ ತನಕ ಅವನು ಬಗ್ಗಿಯೇ ನಿಂತಿದ್ದ.